ಇಎಸ್‌ಐ ಕಟ್ ಆಗೋದು ನಿಂತರೆ ಒಳ್ಳೇದೇ ಅಲ್ವಾ?

ಪ್ರಶ್ನೆ: ನಮಸ್ಕಾರ ಮೇಡಂ. ನಾನು ಪೀಣ್ಯದ ಒಂದು ಮೆಷಿನ್ ಶಾಪ್‌ನಲ್ಲಿ ಸಿಎನ್‌ಸಿ ಆಪರೇಟರ್. ವಯಸ್ಸು 36. ಹೆಂಡತಿ, ಇಬ್ಬರು ಮಕ್ಕಳು, 63 ವರ್ಷದ ಅಮ್ಮ ನನ್ನ ಜೊತೆಗಿದ್ದಾರೆ. ಅಪ್ಪ ಇಲ್ಲ. ಸಂಬಳ 20,400. ತಿಂಗಳಿಗೆ 153 ರೂಪಾಯಿ ಇಎಸ್‌ಐಗೆ (ಕಾರ್ಮಿಕರ ರಾಜ್ಯ ವಿಮೆಗೆ) ಕಟ್ ಆಗುತ್ತೆ. ಜುಲೈನಿಂದ ಸೂಪರ್‌ವೈಸರ್ ಮಾಡ್ತಾರೆ, ಸಂಬಳ 23,000 ಆಗುತ್ತೆ. ಸಂಬಳ 21,000 ದಾಟಿದರೆ ಇಎಸ್‌ಐ ಇರಲ್ಲ, ಕಂಪನಿಯ 3 ಲಕ್ಷದ ಗ್ರೂಪ್ ಪಾಲಿಸಿಗೆ ಸೇರಿಸ್ತೀವಿ ಅಂದಿದ್ದಾರೆ. ಕೇಳಿ ಖುಷಿಯೇ ಆಯ್ತು. ಹೋದ ತಿಂಗಳು ಅಮ್ಮನ ಸಕ್ಕರೆ ಕಾಯಿಲೆ ಮಾತ್ರೆಗೆ ಅಂತ ಡಿಸ್ಪೆನ್ಸರಿಗೆ ಹೋಗಿ ಅರ್ಧ ದಿನದ ಸಂಬಳ ಹೋಯ್ತು. ಮಾತ್ರೆ ಸ್ಟಾಕ್ ಇಲ್ಲ, ಗುರುವಾರ ಬನ್ನಿ ಅಂದರು. ಹೊರಗೆ 640 ರೂಪಾಯಿ ಕೊಟ್ಟು ತಂದೆ. ನನ್ನ ದುಡ್ಡು ನನ್ನನ್ನ ಕೇಳದೆ ಯಾಕೆ ಹಿಡಿಯಬೇಕು? ಭಾವಮೈದ ನ್ಯೂಜೆರ್ಸಿಯಲ್ಲಿದ್ದಾನೆ. ಅಮೆರಿಕದಲ್ಲೇ ಕಡ್ಡಾಯ ವಿಮೆ ತೆಗೆದುಹಾಕಿದರು, ನಿಮ್ಮಲ್ಲಿ ಇನ್ನೂ ಯಾಕೆ ಅಂತಾನೆ. ಒಂದೇ ಒಂದು ಹೆದರಿಕೆ. ಅಮ್ಮನ ರಕ್ತ ಪರೀಕ್ಷೆಯಲ್ಲಿ ಕ್ರಿಯಾಟಿನಿನ್ 1.6 ಬಂದಿದೆ, ಕಿಡ್ನಿ ಮೇಲೆ ನಿಗಾ ಇಡಿ ಅಂದಿದ್ದಾರೆ. ಇಎಸ್‌ಐ ಬಿಟ್ಟರೆ ನಷ್ಟ ಏನಾದರೂ ಇದೆಯಾ? ಕಡ್ಡಾಯ ಮಾಡೋದು ಸರಿಯಾ?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಪ್ರಶ್ನೆ ಇವೆ. ಕಡ್ಡಾಯ ಸರಿಯಾ ಅನ್ನೋದು ಒಂದು. ಜುಲೈನಲ್ಲಿ ನಾನೇನು ಮಾಡಲಿ ಅನ್ನೋದು ಇನ್ನೊಂದು. ಇವೆರಡಕ್ಕೂ ಮುಂಚೆ, ನೀವು ಕೇಳದೇ ಬಿಟ್ಟ ಒಂದು ಪ್ರಶ್ನೆಯನ್ನು ನಾನೇ ಕೇಳುತ್ತೇನೆ. ಆ 3 ಲಕ್ಷದ ಗ್ರೂಪ್ ಪಾಲಿಸಿಯಲ್ಲಿ ಅಮ್ಮ ಇದ್ದಾರಾ?

ನಾನು 22 ವರ್ಷ ಇಎಸ್‌ಐ ಡಿಸ್ಪೆನ್ಸರಿಗಳಲ್ಲಿ ವೈದ್ಯೆಯಾಗಿದ್ದೆ. ಆಮೇಲೆ 6 ವರ್ಷ ಒಂದು ಖಾಸಗಿ ಆಸ್ಪತ್ರೆಯ ವಿಮೆ ವಿಭಾಗದಲ್ಲಿ ಕೂತು ಪಾಲಿಸಿ ಕಾಗದಗಳನ್ನು ನೋಡಿದ್ದೇನೆ. ನೀವು ಹೇಳುವಂಥ ಗ್ರೂಪ್ ಪಾಲಿಸಿಗಳಲ್ಲಿ ಹೆಚ್ಚಿನವು ನೌಕರ, ಗಂಡ ಅಥವಾ ಹೆಂಡತಿ, ಇಬ್ಬರು ಮಕ್ಕಳು, ಇಷ್ಟಕ್ಕೇ ನಿಲ್ಲುತ್ತವೆ. ತಂದೆತಾಯಿ ಬೇಕಾದರೆ ಬೇರೆ ಪ್ರೀಮಿಯಂ. ಕೆಲವು ಕಂಪನಿಗಳಲ್ಲಿ ಆ ಅವಕಾಶವೇ ಇರುವುದಿಲ್ಲ. ಎಚ್‌ಆರ್‌ನವರು ಇದನ್ನು ತಾವಾಗಿ ಹೇಳುವುದು ಅಪರೂಪ. ನಾಳೆ ಬೆಳಿಗ್ಗೆ ಮೊದಲು ಇದನ್ನು ಕೇಳಿ. ಬಾಯಿ ಮಾತು ಸಾಲದು, ಪಾಲಿಸಿ ಪ್ರತಿ ಕೈಗೆ ತೆಗೆದುಕೊಳ್ಳಿ.

ಈಗ ನಿಮ್ಮ ಸಿಟ್ಟಿನ ವಿಷಯ. ಆ ಸಿಟ್ಟು ನ್ಯಾಯವಾದದ್ದು. ಮಾತ್ರೆಗೆ ಅಂತ ಬಂದವರನ್ನು ಬರಿಗೈಯಲ್ಲಿ ಕಳಿಸಿದ ಕಿಟಕಿಯ ಈಚೆ ನಾನೂ ಕೂತಿದ್ದೆ. ನಾನಿದ್ದ ಒಂದು ಕಡೆ, ಸ್ಟಾಕ್ ಕಮ್ಮಿ ಆದಾಗ ಫಾರ್ಮಸಿಸ್ಟ್ ಕತ್ತರಿ ತೆಗೆದುಕೊಂಡು ಸ್ಟ್ರಿಪ್ ಕತ್ತರಿಸಿ ಒಬ್ಬೊಬ್ಬರಿಗೆ ಐದೈದು ಮಾತ್ರೆ ಕೊಡುತ್ತಿದ್ದರು. ಎಲ್ಲರಿಗೂ ಒಂದಿಷ್ಟು ಸಿಗಲಿ ಅನ್ನೋ ಒಳ್ಳೆಯ ಮನಸ್ಸೇ. ಆದರೆ ಆ ತುಂಡಿನಲ್ಲಿ ಮಾತ್ರೆಯ ಹೆಸರು ಅರ್ಧ, ಎಕ್ಸ್‌ಪೈರಿ ತಾರೀಕು ಮಾಯ. ಐದು ದಿನ ಬಿಟ್ಟು ಅದೇ ಜನ ಮತ್ತೆ ಶಿಫ್ಟ್ ಬಿಟ್ಟು ಬರಬೇಕು. ಗಾರ್ಮೆಂಟ್ಸ್‌ನ ಒಬ್ಬ ಹೆಣ್ಣುಮಗಳು ಒಂದು ದಿನ ಆ ಐದು ಮಾತ್ರೆಯನ್ನು ಅಂಗೈಯಲ್ಲಿ ಇಟ್ಟುಕೊಂಡು, "ಇದಕ್ಕೆ ಇವತ್ತು ನನ್ನ ಅರ್ಧ ದಿನದ ಕೂಲಿ ಹೋಯ್ತು ಡಾಕ್ಟ್ರೇ" ಅಂದಿದ್ದಳು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಯಾಕೆ ಹೀಗೆ? ದುಡ್ಡಿಲ್ಲ ಅಂತ ತುಂಬ ಜನ ಅಂದುಕೊಂಡಿದ್ದಾರೆ. ಅದು ತಪ್ಪು ತಿಳಿವಳಿಕೆ. ಇಎಸ್‌ಐ ನಿಗಮಕ್ಕೆ ಎಷ್ಟೋ ವರ್ಷ ಖರ್ಚಿಗಿಂತ ಆದಾಯವೇ ಜಾಸ್ತಿ ಬಂದಿದೆ. 2019ರ ಜುಲೈನಲ್ಲಿ ವಂತಿಗೆಯನ್ನು 6.5 ಶೇಕಡದಿಂದ 4ಕ್ಕೆ ಇಳಿಸಿದರು. ಕಷ್ಟ ಇರುವುದು ದುಡ್ಡು ಹರಿದು ಬರುವ ದಾರಿಯಲ್ಲಿ. ವಂತಿಗೆ ಸೇರುವುದು ಕೇಂದ್ರದ ನಿಗಮಕ್ಕೆ. ನಮ್ಮ ರಾಜ್ಯದಲ್ಲಿ ಡಿಸ್ಪೆನ್ಸರಿ ನಡೆಸುವುದು ರಾಜ್ಯ ಸರ್ಕಾರದ ಇಲಾಖೆ. ನಿಗದಿ ಮಾಡಿದ ಮಿತಿಯೊಳಗಿನ ಖರ್ಚಿನಲ್ಲಿ ಎಂಟರಲ್ಲಿ ಏಳು ಪಾಲು ನಿಗಮದ್ದು, ಒಂದು ಪಾಲು ರಾಜ್ಯದ್ದು. ಔಷಧಿಗೆ ಟೆಂಡರ್ ಆಗಬೇಕು, ಇಂಡೆಂಟ್ (ಬೇಡಿಕೆ ಪಟ್ಟಿ) ಹೋಗಬೇಕು, ಮಂಜೂರಾಗಿ ಬರಬೇಕು. ಎಲ್ಲೋ ಒಂದು ಸಹಿ ತಡವಾದರೆ ಕಿಟಕಿಯಲ್ಲಿ ಮಾತ್ರೆ ಇಲ್ಲ. ಇಬ್ಬರು ಯಜಮಾನರಿರುವ ಮನೆಯಲ್ಲಿ ಯಾರನ್ನು ಕೇಳಬೇಕು ಅನ್ನೋದೇ ಗೊತ್ತಾಗುವುದಿಲ್ಲ.

ಹಾಗಂತ 153 ರೂಪಾಯಿ ದಂಡ ಅಂತ ಲೆಕ್ಕ ಹಾಕಿದರೆ ತಪ್ಪಾಗುತ್ತದೆ. ನಿಮ್ಮ ಸಂಬಳದ ಚೀಟಿಯಲ್ಲಿ ಕಾಣುವುದು ನಿಮ್ಮ 0.75 ಶೇಕಡ ಮಾತ್ರ. ಮಾಲೀಕರು 3.25 ಶೇಕಡ ಕಟ್ಟುತ್ತಾರೆ, ಅಂದರೆ ನಿಮ್ಮ ಹೆಸರಲ್ಲಿ ತಿಂಗಳಿಗೆ 663 ರೂಪಾಯಿ. ಎರಡೂ ಸೇರಿ ವರ್ಷಕ್ಕೆ 9,792. ಇದು ಸರ್ಕಾರದ ಧರ್ಮದ ದುಡ್ಡಲ್ಲ. ನಿಮ್ಮ ದುಡಿಮೆಯಿಂದ ಹುಟ್ಟಿದ ದುಡ್ಡು. ಡಿಸ್ಪೆನ್ಸರಿಯಲ್ಲಿ ನೀವು ಕೈಮುಗಿದು ನಿಲ್ಲಬೇಕಾಗಿಲ್ಲ, ಹಕ್ಕಿನಿಂದ ಕೇಳಬಹುದು.

ಈ ದುಡ್ಡಿಗೆ ಏನು ಸಿಗುತ್ತದೆ ಅನ್ನೋದು ಸುಮಾರು ಕಾರ್ಮಿಕರಿಗೆ ಪೂರ್ತಿ ಗೊತ್ತಿಲ್ಲ. ಮಾತ್ರೆ, ಇಂಜೆಕ್ಷನ್ ಅಷ್ಟೇ ಅಂದುಕೊಂಡಿರುತ್ತಾರೆ. ಒಂದು ಸಂಗತಿ ಹೇಳುತ್ತೇನೆ. ಲೇತ್ ಕೆಲಸದ ಒಬ್ಬರು ಬಲಗೈಗೆ ಬನಿಯನ್ ವೇಸ್ಟ್ ಸುತ್ತಿಕೊಂಡು ಬಂದರು. ಬಿಚ್ಚಿದರೆ ತೋರುಬೆರಳಿನ ತುದಿ ಇರಲಿಲ್ಲ. ಆಯಿಲ್, ರಕ್ತ ಎರಡೂ ಸೇರಿ ಬಟ್ಟೆ ಕಪ್ಪಾಗಿತ್ತು. ನೋವಾಗ್ತಿದೆಯಾ ಅಂತ ಕೇಳಿದೆ. ಅವರು ಹೇಳಿದ್ದು, "ಈ ತಿಂಗಳ ಸಂಬಳ ಬರುತ್ತಾ ಮೇಡಂ?" ಬರುತ್ತದೆ. ಕೆಲಸದಲ್ಲಿ ಗಾಯವಾದರೆ ಮೊದಲ ದಿನದಿಂದ ಕೂಲಿಯ 90 ಶೇಕಡ ಇಎಸ್‌ಐ ಕೊಡುತ್ತದೆ. ಅಂಗ ಊನವಾದರೆ ಅದರ ಪ್ರಮಾಣಕ್ಕೆ ತಕ್ಕಂತೆ ಜೀವನಪೂರ್ತಿ ಹಣ ಬರುತ್ತದೆ. ಕೆಲಸದ ಅಪಘಾತದಲ್ಲಿ ಪ್ರಾಣವೇ ಹೋದರೆ ಹೆಂಡತಿ ಮಕ್ಕಳಿಗೆ ಪಿಂಚಣಿ ಇದೆ. ಸಾಮಾನ್ಯ ಕಾಯಿಲೆಗೆ ರಜೆ ಹಾಕಿದರೆ ವರ್ಷಕ್ಕೆ 91 ದಿನದವರೆಗೆ ಸಂಬಳದ 70 ಶೇಕಡ. ಟಿಬಿ, ಕ್ಯಾನ್ಸರ್‌ನಂಥ ದೀರ್ಘ ಕಾಯಿಲೆಗೆ, ಸೇವೆಯ ಷರತ್ತು ಪೂರೈಸಿದ್ದರೆ, 80 ಶೇಕಡದಂತೆ 2 ವರ್ಷದವರೆಗೆ. ಚಿಕಿತ್ಸೆಗೆ ಇಷ್ಟು ಲಕ್ಷ ಅಂತ ಮಿತಿ ಇಲ್ಲ. ಮೊದಲೇ ಇದ್ದ ಕಾಯಿಲೆ ಅಂತ ಹೊರಗಿಡುವುದೂ ಇಲ್ಲ. ಇಷ್ಟನ್ನೂ ಒಂದೇ ಕಡೆ ಕೊಡುವ ಪಾಲಿಸಿಯನ್ನು ನಾನು ಮಾರುಕಟ್ಟೆಯಲ್ಲಿ ನೋಡಿಲ್ಲ.

ಇಷ್ಟು ಕಮ್ಮಿ ದುಡ್ಡಿಗೆ ಇದೆಲ್ಲ ಹೇಗೆ ಸಾಧ್ಯ? ಇಲ್ಲೇ ಕಡ್ಡಾಯದ ಮಾತು ಬರುತ್ತದೆ.

ನಿಮ್ಮ ಶಾಪ್‌ನಲ್ಲಿ 40 ಜನ ಇದ್ದಾರೆ ಅಂದುಕೊಳ್ಳಿ. ನಾಳೆಯಿಂದ ಇಎಸ್‌ಐ ಬೇಕಾದವರಿಗೆ ಮಾತ್ರ ಅಂತ ಬೋರ್ಡ್ ಹಾಕಿದರೆ ಯಾರು ಉಳಿಯುತ್ತಾರೆ? 24 ವರ್ಷದ ಟ್ರೈನಿ ಹುಡುಗ ಬೇಡ ಅಂತಾನೆ. ಮನೆಯಲ್ಲಿ ಡಯಾಲಿಸಿಸ್ ಪೇಷಂಟ್ ಇರುವವರು ಬೇಕೇ ಬೇಕು ಅಂತಾರೆ. ಕೊನೆಗೆ ಉಳಿಯುವ ಹತ್ತು ಜನರ ಖರ್ಚು ಹತ್ತೇ ಜನರ ಮೇಲೆ ಬೀಳುತ್ತದೆ. ವಂತಿಗೆ ಏರುತ್ತದೆ. ಏರಿದಾಗ ಆ ಹತ್ತರಲ್ಲೂ ನಾಲ್ಕು ಜನ ಬಿಡುತ್ತಾರೆ. ಮಳೆ ಬಂದ ಮೇಲೆ ಕೊಡೆ ಕೊಳ್ಳೋಣ ಅಂತ ಎಲ್ಲರೂ ಕಾದರೆ ಕೊಡೆ ಅಂಗಡಿ ನಡೆಯುವುದಿಲ್ಲ.

ಇದೇ ಪ್ರಶ್ನೆ ನಮ್ಮಲ್ಲೂ ಎದ್ದಿತ್ತು. 2015ರ ಬಜೆಟ್‌ನಲ್ಲಿ ಆಗಿನ ಹಣಕಾಸು ಸಚಿವ ಅರುಣ್ ಜೇಟ್ಲಿ, ನೌಕರನಿಗೆ ಇಎಸ್‌ಐ ಅಥವಾ ಖಾಸಗಿ ಆರೋಗ್ಯ ವಿಮೆ, ಎರಡರಲ್ಲಿ ಒಂದನ್ನು ಆರಿಸಿಕೊಳ್ಳುವ ಅವಕಾಶ ಕೊಡಬೇಕು ಅಂದರು. ಜಾರಿಗೆ ಬರಲಿಲ್ಲ. ಡಿಸ್ಪೆನ್ಸರಿಯ ನನ್ನ ಸಹೋದ್ಯೋಗಿಗಳಲ್ಲಿ ಕೆಲವರು ಅದು ಬರಲಿ ಅಂದಿದ್ದರು. ಪೈಪೋಟಿ ಬಂದರೆ ನಾವೂ ಸುಧಾರಿಸುತ್ತೇವೆ ಅನ್ನೋದು ಅವರ ವಾದ. ಆ ವಾದದಲ್ಲಿ ಹುರುಳಿದೆ. ಆದರೂ ನಾನು ಒಪ್ಪಲಿಲ್ಲ. ಆರೋಗ್ಯವಂತರು ಹೊರಗೆ ಹೋಗುತ್ತಾರೆ, ರೋಗಿಗಳು ನಮ್ಮ ಬಾಗಿಲಲ್ಲಿ ಉಳಿಯುತ್ತಾರೆ, ಆಮೇಲೆ "ನೋಡಿ, ಇಎಸ್‌ಐ ನಷ್ಟದಲ್ಲಿದೆ" ಅಂತ ಮುಚ್ಚುವ ಮಾತು ಬರುತ್ತದೆ. ಆಗ ಕಳೆದುಕೊಳ್ಳುವವರು ನಿಮ್ಮಮ್ಮನಂಥವರು.

ಭಾವಮೈದನ ಮಾತಿಗೆ ಬರೋಣ. ಅವರು ಹೇಳಿದ್ದು ಅರ್ಧ ನಿಜ. ಅಮೆರಿಕದಲ್ಲಿ 2010ರ ಮಾರ್ಚ್‌ನಲ್ಲಿ ಅಧ್ಯಕ್ಷ ಒಬಾಮಾ ಸಹಿ ಹಾಕಿದ ಕಾಯ್ದೆ ಎರಡು ಕೆಲಸ ಮಾಡಿತು. ಹಳೆಯ ಕಾಯಿಲೆ ಇದೆ ಅಂತ ಯಾರಿಗೂ ವಿಮೆ ನಿರಾಕರಿಸಬಾರದು ಅಂದಿತು. ಅದಕ್ಕೆ ಪ್ರತಿಯಾಗಿ ಎಲ್ಲರೂ ವಿಮೆ ಮಾಡಿಸಲೇಬೇಕು, ಇಲ್ಲದಿದ್ದರೆ ತೆರಿಗೆ ಜೊತೆ ದಂಡ ಅಂದಿತು. ಜನ ಕೋರ್ಟಿಗೆ ಹೋದರು. 2012ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ 5-4ರ ಬಹುಮತದಲ್ಲಿ ಅದನ್ನು ಎತ್ತಿಹಿಡಿಯಿತು. ಆಮೇಲೆ 2017ರ ತೆರಿಗೆ ಕಾನೂನು ಆ ದಂಡವನ್ನು 2019ರಿಂದ ಸೊನ್ನೆ ಮಾಡಿತು. ಇಲ್ಲಿಯವರೆಗೆ ಅವರು ಹೇಳಿದ್ದು ಸರಿ. ಆದರೆ ಅವರಿರುವ ನ್ಯೂಜೆರ್ಸಿ ಅದೇ 2019ರಲ್ಲಿ ತನ್ನದೇ ಕಡ್ಡಾಯ ತಂದಿತು, ವಿಮೆ ಇಲ್ಲದವರಿಗೆ ರಾಜ್ಯದ ತೆರಿಗೆಯಲ್ಲಿ ದಂಡ ಇದೆ. ಮ್ಯಾಸಚೂಸೆಟ್ಸ್‌ನಲ್ಲಿ 2006ರ ಕಾಯ್ದೆಯಿಂದಲೇ ಇದೆ. ಕ್ಯಾಲಿಫೋರ್ನಿಯಾ 2020ರಿಂದ ತಂದಿತು.

ದಂಡ ಹೋದ ತಕ್ಷಣ ಅಲ್ಲಿನ ವ್ಯವಸ್ಥೆ ಕುಸಿದು ಬೀಳಲಿಲ್ಲ ಅನ್ನೋದನ್ನೂ ಹೇಳಬೇಕು. ಬೀಳುತ್ತದೆ ಅಂದುಕೊಂಡವರಲ್ಲಿ ನಾನೂ ಒಬ್ಬಳು. ಯಾಕೆ ಬೀಳಲಿಲ್ಲ ಅಂದರೆ, ಪ್ರೀಮಿಯಂ ಕಟ್ಟಲು ಸರ್ಕಾರ ಜನರಿಗೆ ಸಹಾಯಧನ ಕೊಡುತ್ತಿತ್ತು. ಬೆತ್ತ ಹೋದರೂ ಬೆಲ್ಲ ಉಳಿದಿತ್ತು. ಅಂದರೆ ಆರೋಗ್ಯವಂತರನ್ನು ಒಳಗೆ ಇಟ್ಟುಕೊಳ್ಳಲು ಒಂದೋ ಒತ್ತಾಯ ಬೇಕು, ಇಲ್ಲವೇ ನೆರವು ಬೇಕು. ಎರಡೂ ಇಲ್ಲದೆ ಅಗ್ಗದ ವಿಮೆ ನಡೆದದ್ದನ್ನು ನಾನು ಕಂಡಿಲ್ಲ.

ನಮ್ಮ ರಾಜ್ಯದ ಯಶಸ್ವಿನಿ ಆರೋಗ್ಯ ಯೋಜನೆಯನ್ನೇ ನೋಡಿ. 2003ರಲ್ಲಿ ಸಹಕಾರ ಸಂಘದ ರೈತರಿಗೆ ಅಂತ ಶುರುವಾದಾಗ ತಿಂಗಳಿಗೆ 5 ರೂಪಾಯಿ, ವರ್ಷಕ್ಕೆ 60. ಅದು ಕಡ್ಡಾಯವಾಗಿರಲಿಲ್ಲ. ಆದರೆ ಒಬ್ಬೊಬ್ಬರನ್ನೇ ಹುಡುಕದೆ, ಇಡೀ ಸಂಘಗಳ ಮೂಲಕ ಜನರನ್ನು ಸೇರಿಸಿದರು. ಸರ್ಕಾರ ದುಡ್ಡು ಹಾಕಿತು. ಸೇರುವುದಕ್ಕೆ ವರ್ಷದಲ್ಲಿ ಇಂತಿಷ್ಟೇ ಸಮಯ ಅಂತ ಇಟ್ಟರು, ಕಾಯಿಲೆ ಬಿದ್ದ ದಿನ ಓಡಿ ಬಂದು ಸೇರುವ ಹಾಗಿಲ್ಲ. ಇಷ್ಟೆಲ್ಲ ಇದ್ದದ್ದಕ್ಕೇ ಅದು ನಡೆಯಿತು. 2018ರಲ್ಲಿ ಸರ್ಕಾರದ ಆರೋಗ್ಯ ಕರ್ನಾಟಕ ಯೋಜನೆ ಬಂದಾಗ ನಿಂತಿತು, ಆಮೇಲೆ ಮತ್ತೆ ಶುರು ಮಾಡಿದರು.

ಹಾಗಾಗಿ ಕಡ್ಡಾಯದ ಬಗ್ಗೆ ನನ್ನ ಅಭಿಪ್ರಾಯ ಇದು. ಹಿಡಿಯುವುದು ಸರಿ. ಆದರೆ ಕೇಳದೆ ಹಿಡಿದವರ ಮೇಲೆ ಒಂದು ಸಾಲ ಇದೆ. ಅಂಗಡಿಯಲ್ಲಿ ಸಾಮಾನು ಚೆನ್ನಾಗಿಲ್ಲ ಅಂದರೆ ನೀವು ಪಕ್ಕದ ಅಂಗಡಿಗೆ ಹೋಗಬಹುದು. ಇಎಸ್‌ಐ ಬಿಟ್ಟು ಹೋಗಲು ನಿಮಗೆ ದಾರಿ ಇಲ್ಲ. ಅದಕ್ಕೇ ಅಲ್ಲಿ ಮಾತ್ರೆ ಬೇರೆ ಎಲ್ಲ ಕಡೆಗಿಂತ ಚೆನ್ನಾಗಿ ಸಿಗಬೇಕು. ಮಾತ್ರೆ ಇಲ್ಲದ ದಿನ ಹೊರಗಿನ ಅಂಗಡಿಯ ಬಿಲ್ಲನ್ನು ವಾರದೊಳಗೆ ಖಾತೆಗೆ ಹಾಕಬೇಕು. ಸಂಜೆ ಪಾಳಿಯಲ್ಲೂ ಡಿಸ್ಪೆನ್ಸರಿ ತೆರೆದಿರಬೇಕು. ಇಷ್ಟು ಮಾಡದೆ ಕಡ್ಡಾಯ ಕಡ್ಡಾಯ ಅಂದರೆ ಜನ ಸಿಟ್ಟಾಗುವುದು ಸಹಜ.

ಇನ್ನೊಂದು ಸುಧಾರಣೆ ಆಗಿಲ್ಲ ಅಂತ ನನಗೆ ತುಂಬ ಸಂಕಟ ಇದೆ. 21,000ದ ಮಿತಿ ಬಂದದ್ದು 2017ರ ಜನವರಿಯಲ್ಲಿ. ಆಮೇಲೆ ಅಕ್ಕಿ ಬೆಲೆ, ಮನೆ ಬಾಡಿಗೆ, ಕೂಲಿ ಎಲ್ಲ ಏರಿತು. ಸಂಬಳ ಆ ಮಿತಿಯನ್ನು ನೂರು ರೂಪಾಯಿ ದಾಟಿದರೂ ಇಡೀ ಮನೆ ಇಎಸ್‌ಐನಿಂದ ಹೊರಗೆ. ಪಿಎಫ್‌ನಲ್ಲಿ ಹೀಗಿಲ್ಲ ಅಲ್ವಾ? ಒಮ್ಮೆ ಸದಸ್ಯರಾದವರು 15,000 ದಾಟಿದರೂ ಉಳಿಯುತ್ತಾರೆ. ಇಎಸ್‌ಐನಲ್ಲೂ ಹಾಗೇ ಮಾಡಬಹುದು. ಮಿತಿ ದಾಟಿದವರು 21,000ಕ್ಕೆ ಎಷ್ಟು ಬರುತ್ತದೋ ಅಷ್ಟು ವಂತಿಗೆ ಕಟ್ಟಿಕೊಂಡು ಮುಂದುವರಿಯಲಿ. ಹತ್ತು ಹದಿನೈದು ವರ್ಷ ಕಟ್ಟಿದವರನ್ನು, ಸರಿಯಾಗಿ ಅಮ್ಮನಿಗೆ ಕಿಡ್ನಿ ತೊಂದರೆ ಶುರುವಾದಾಗ ಹೊರಗೆ ಕಳಿಸುವುದು ಯಾವ ನ್ಯಾಯ?

ಈಗ ನಿಮ್ಮ ಜುಲೈ.

ಬಡ್ತಿ ಬಿಡಬೇಡಿ. ಇಎಸ್‌ಐ ಉಳಿಸಿಕೊಳ್ಳಲು ಸಂಬಳವನ್ನು ಭತ್ಯೆಗಳಾಗಿ ಒಡೆದು 21,000ದ ಕೆಳಗೆ ತೋರಿಸಿ ಅಂತ ಕೆಲವರು ಸಲಹೆ ಕೊಡುತ್ತಾರೆ. ಅದು ಬೇಡ. ತಪಾಸಣೆಯಲ್ಲಿ ಸಿಕ್ಕರೆ ತೊಂದರೆ. ಪಿಎಫ್, ಗ್ರಾಚುಯಿಟಿ ಲೆಕ್ಕದಲ್ಲೂ ನಿಮಗೇ ನಷ್ಟ.

ಎಚ್‌ಆರ್‌ನವರು ಹೇಳದೇ ಇರಬಹುದಾದ ಒಂದು ಒಳ್ಳೆಯ ಸುದ್ದಿ ಇದೆ. ಇಎಸ್‌ಐನಲ್ಲಿ ವಂತಿಗೆಯ ಅವಧಿ ಏಪ್ರಿಲ್‌ನಿಂದ ಸೆಪ್ಟೆಂಬರ್, ಅಕ್ಟೋಬರ್‌ನಿಂದ ಮಾರ್ಚ್. ಅವಧಿಯ ಮಧ್ಯೆ ಸಂಬಳ ಮಿತಿ ದಾಟಿದರೆ ಆ ಅವಧಿ ಮುಗಿಯುವವರೆಗೆ ನೀವು ಒಳಗೇ ಇರುತ್ತೀರಿ. ಹಾಗಾಗಿ ಜುಲೈಯಲ್ಲೇ ಕಡಿತ ನಿಲ್ಲಬಾರದು. ಸೆಪ್ಟೆಂಬರ್ 30ರವರೆಗೆ, ಪೂರ್ತಿ 23,000ದ ಮೇಲೆ, ತಿಂಗಳಿಗೆ 173 ರೂಪಾಯಿ ಹಿಡಿಯಬೇಕು. ಹಿಡಿಯಲಿ ಬಿಡಿ. ಏಪ್ರಿಲ್-ಸೆಪ್ಟೆಂಬರ್‌ನ ವಂತಿಗೆಗೆ ಸೌಲಭ್ಯದ ಅವಧಿ ಮುಂದಿನ ಜನವರಿಯಿಂದ ಜೂನ್ 30. ಆರು ತಿಂಗಳಲ್ಲಿ 78 ದಿನದ ವಂತಿಗೆ ಇದ್ದರೆ ಸಾಕು, ನಿಮಗೆ ಅದು ಇರುತ್ತದೆ. ಅಂದರೆ ಮುಂದಿನ ವರ್ಷದ ಜೂನ್‌ವರೆಗೆ ಅಮ್ಮನಿಗೆ ಇಎಸ್‌ಐ ಚಿಕಿತ್ಸೆ ಸಿಗುವ ದಾರಿ ಇದೆ. ಸುಮ್ನೆ ನನ್ನ ಮಾತು ನಂಬಿ ಕೂರಬೇಡಿ, ನಿಮ್ಮ ಐಪಿ ನಂಬರ್ (ಇಎಸ್‌ಐ ವಿಮಾದಾರರ ಸಂಖ್ಯೆ) ತೆಗೆದುಕೊಂಡು ಇಎಸ್‌ಐ ಬ್ರಾಂಚ್ ಆಫೀಸಿಗೆ ಹೋಗಿ ತಾರೀಕು ಖಚಿತ ಮಾಡಿಕೊಳ್ಳಿ.

ಆ ಸಮಯವನ್ನು ಅಮ್ಮನಿಗಾಗಿ ಬಳಸಿ. 63ರ ಹೆಂಗಸಿಗೆ ಕ್ರಿಯಾಟಿನಿನ್ 1.6 ಅಂದರೆ ಕಡೆಗಣಿಸುವಂಥದ್ದಲ್ಲ. ಕಿಡ್ನಿ ಅರ್ಧಕ್ಕಿಂತ ಕಮ್ಮಿ ಕೆಲಸ ಮಾಡುತ್ತಿರಬಹುದು. ಪರೀಕ್ಷೆ ಇನ್ನೊಮ್ಮೆ ಮಾಡಿಸಿ, ಮೂತ್ರದಲ್ಲಿ ಆಲ್ಬುಮಿನ್ (ಒಂದು ಪ್ರೋಟೀನ್) ನೋಡಿಸಿ, ಡಿಸ್ಪೆನ್ಸರಿಯಿಂದ ರೆಫರ್ ಲೆಟರ್ ಬರೆಸಿಕೊಂಡು ರಾಜಾಜಿನಗರದ ಇಎಸ್‌ಐ ಆಸ್ಪತ್ರೆಯಲ್ಲಿ ತೋರಿಸಿ. ಸಕ್ಕರೆ ಮಾತ್ರೆಯ ಡೋಸ್ ಬದಲಾಯಿಸಬೇಕಾ ಅಂತ ಕೇಳಿ. ಮಂಡಿನೋವಿಗೆ ಅಂಗಡಿಯಿಂದ ನೋವಿನ ಮಾತ್ರೆ ತಂದು ನುಂಗುವ ಅಭ್ಯಾಸ ಇದ್ದರೆ ಇವತ್ತೇ ನಿಲ್ಲಿಸಿ. ಬಿಪಿ, ಸಕ್ಕರೆ ಹಿಡಿತದಲ್ಲಿಟ್ಟರೆ ಡಯಾಲಿಸಿಸ್ ಬಾಗಿಲಿಗೆ ಹೋಗದೆ ವರ್ಷಗಟ್ಟಲೆ ನೆಮ್ಮದಿಯಾಗಿ ಇರುವವರನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಮಾತ್ರೆ ಸ್ಟಾಕ್ ಇಲ್ಲ ಅಂದರೆ ಹಾಗಂತ ಚೀಟಿಯಲ್ಲಿ ಬರೆಸಿಕೊಳ್ಳಿ, ಬಿಲ್ ಇಟ್ಟುಕೊಂಡು ಮರುಪಾವತಿಗೆ ಅರ್ಜಿ ಹಾಕಿ. ಬೇಗ ಬರುವುದಿಲ್ಲ, ಆದರೂ ಹಾಕಿ. ಅಲ್ಲಿಯವರೆಗೆ ಜನೌಷಧಿ ಕೇಂದ್ರದಲ್ಲಿ ಅದೇ ಮಾತ್ರೆ ಕೇಳಿ ನೋಡಿ, 640 ರೂಪಾಯಿ ಖಂಡಿತ ಆಗಲಿಕ್ಕಿಲ್ಲ.

ಇನ್ನು ಇಎಸ್‌ಐ ಮುಗಿದ ಮೇಲೆ. ಗ್ರೂಪ್ ಪಾಲಿಸಿಯಲ್ಲಿ ಅಮ್ಮನನ್ನು ಸೇರಿಸಲು ಆಗುವುದಾದರೆ, ಪ್ರೀಮಿಯಂ ಸ್ವಲ್ಪ ಜಾಸ್ತಿ ಅನಿಸಿದರೂ ಸೇರಿಸಿ. ಅಂಥ ಪಾಲಿಸಿಗಳಲ್ಲಿ ಹಳೆಯ ಕಾಯಿಲೆಗೂ ಮೊದಲ ದಿನದಿಂದ ರಕ್ಷಣೆ ಇರುವುದುಂಟು. ಇದೆಯಾ ಅಂತ ಬರವಣಿಗೆಯಲ್ಲಿ ಕೇಳಿ. ಇದರ ಅಪಾಯ ಎರಡು. ಕೆಲಸ ಬಿಟ್ಟರೆ ಪಾಲಿಸಿಯೂ ಹೋಗುತ್ತದೆ. ಮತ್ತೆ, ಆಸ್ಪತ್ರೆಗೆ ಸೇರಿದರೆ ಮಾತ್ರ ದುಡ್ಡು, ತಿಂಗಳ ಮಾತ್ರೆ ಖರ್ಚು ನಿಮ್ಮದೇ. ಅಕಸ್ಮಾತ್ ಡಯಾಲಿಸಿಸ್ ಬೇಕಾದರೆ 3 ಲಕ್ಷ ವರ್ಷ ಪೂರ್ತಿ ಬಾಳುವುದು ಕಷ್ಟ. ಆ ಸಂದರ್ಭಕ್ಕೆ ನಮ್ಮ ಜಿಲ್ಲಾ, ತಾಲ್ಲೂಕು ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತ ಡಯಾಲಿಸಿಸ್ ಇದೆ ಅನ್ನೋದು ನೆನಪಿರಲಿ.

ಅಮ್ಮನ ಹೆಸರಲ್ಲಿ ಬೇರೆ ಪಾಲಿಸಿ ಮಾಡಿಸಲು ಹೋದರೆ ಕ್ರಿಯಾಟಿನಿನ್ ವಿಷಯ ಮುಚ್ಚಿಡಬೇಡಿ. ಏಜೆಂಟ್ "ಬರೆಯೋದು ಬೇಡ ಬಿಡಿ" ಅಂದರೂ ಬರೆಯಿರಿ. ವಿಮೆ ವಿಭಾಗದಲ್ಲಿ ನಾನು ನೋಡಿದ ತಿರಸ್ಕೃತ ಕ್ಲೇಮುಗಳಲ್ಲಿ ಎಷ್ಟೋ ಇದೇ ಕಾರಣಕ್ಕೆ. ಹೇಳಿದರೆ ಕಂಪನಿ ಬೇಡ ಅನ್ನಬಹುದು, ಇಲ್ಲವೇ ಆ ಕಾಯಿಲೆಗೆ 3 ವರ್ಷದವರೆಗೆ ಕಾಯಿರಿ ಅನ್ನಬಹುದು. ಕಾಯುವುದಾದರೂ ಪರವಾಗಿಲ್ಲ, ಬೇಗ ಶುರು ಮಾಡಿದಷ್ಟು ಬೇಗ ಮುಗಿಯುತ್ತದೆ. ನೀವು, ಹೆಂಡತಿ, ಮಕ್ಕಳಿಗೆ ಒಂದು ಸ್ವಂತ ಫ್ಯಾಮಿಲಿ ಪಾಲಿಸಿಯನ್ನು ಆರೋಗ್ಯ ಗಟ್ಟಿಯಿರುವ ಈಗಲೇ ಮಾಡಿಸಿ. 2025ರ ಸೆಪ್ಟೆಂಬರ್ 22ರಿಂದ ಇಂಥ ಪಾಲಿಸಿಗೆ ಜಿಎಸ್‌ಟಿ ಇಲ್ಲ. ಹೆಚ್ಚುವ 2,600 ಮತ್ತು ಉಳಿಯುವ 153 ಸೇರಿದರೆ ವರ್ಷಕ್ಕೆ 33,000 ಆಯಿತು. ಅದರಲ್ಲಿ ಒಂದು ಪಾಲು ಇದಕ್ಕೇ ಎತ್ತಿಡಿ.

ಸರ್ಕಾರದ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕವನ್ನು ಪೂರ್ತಿ ನೆಚ್ಚಿಕೊಳ್ಳುವಂತಿಲ್ಲ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ. ನಿಮ್ಮ ಸಂಬಳಕ್ಕೆ ನೀವು ಎಪಿಎಲ್ ಲೆಕ್ಕದಲ್ಲಿ ಬರುತ್ತೀರಿ. ಆಗ ಪ್ಯಾಕೇಜ್ ದರದ 30 ಶೇಕಡ ಮಾತ್ರ, ಅದೂ ವರ್ಷಕ್ಕೆ ಒಂದೂವರೆ ಲಕ್ಷದ ಮಿತಿಯೊಳಗೆ. ತುರ್ತು ಇಲ್ಲದಿದ್ದರೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಕೂಡ ಬೇಕು. ಕಾರ್ಡ್ ಮಾಡಿಸಿ ಇಟ್ಟುಕೊಳ್ಳಿ, ಅಷ್ಟೇ.

ಕೊನೆಯದಾಗಿ ನಿಮ್ಮ ಕೈಬೆರಳುಗಳ ವಿಷಯ. ಸೂಪರ್‌ವೈಸರ್ ಆದರೂ ನೀವು ಮೆಷಿನ್ ಹತ್ತಿರವೇ ಇರುತ್ತೀರಿ. ಇಎಸ್‌ಐ ಹೋದ ಮೇಲೆ ಕೆಲಸದ ಗಾಯಕ್ಕೆ ಪರಿಹಾರ ಕೊಡುವ ಹೊಣೆ ನೇರವಾಗಿ ಮಾಲೀಕರದ್ದು. ಅದಕ್ಕೆ ಅವರು ವಿಮೆ ಮಾಡಿಸಿದ್ದಾರಾ ಅಂತ ಕೇಳಿ. ಎಚ್‌ಆರ್ ಹತ್ತಿರ ಹೋಗುವಾಗ ಒಂದು ಹಾಳೆಯಲ್ಲಿ ಮೂರು ಸಾಲು ಬರೆದುಕೊಂಡು ಹೋಗಿ: ಅಮ್ಮ ಪಾಲಿಸಿಯಲ್ಲಿ ಇದ್ದಾರಾ, ಸೆಪ್ಟೆಂಬರ್‌ವರೆಗೆ ಇಎಸ್‌ಐ ಕಟ್ಟುತ್ತೀರಾ, ಗಾಯಕ್ಕೆ ವಿಮೆ ಇದೆಯಾ. ಉತ್ತರವನ್ನು ಅದೇ ಹಾಳೆಯಲ್ಲಿ ಬರೆಸಿಕೊಂಡು ಬನ್ನಿ. ಅಮ್ಮನ ಮುಂದಿನ ರಿಪೋರ್ಟ್ ಬಂದಾಗ ನನಗೆ ಮತ್ತೆ ಬರೆಯಿರಿ.